ಹತ್ತನೇ ಕ್ಲಾಸಿನ ಮಗಳಿಗೆ ‘ಬೆಟರ್ ಡೇಸ್’ ತೋರಿಸಬಹುದಾ?

ಮಗಳು ‘ಬೆಟರ್ ಡೇಸ್’ ನೋಡ್ತೀನಿ ಅಂತ ಹಟ ಹಿಡಿದಿದ್ದಾಳೆ, ಹತ್ತನೇ ಕ್ಲಾಸಿನವಳಿಗೆ ತೋರಿಸಬಹುದಾ ಅಂತ ಕೇಳಿದ್ದೀರಿ. ತೋರಿಸಿ. ಆದರೆ ಒಬ್ಬಳನ್ನೇ ಕೂರಿಸಬೇಡಿ, ನೀವೂ ಪಕ್ಕದಲ್ಲಿ ಕೂತು ನೋಡಿ. ನಾನು ಪಿಯುಸಿ ಓದುತ್ತಿದ್ದ ಮಗನ ಜೊತೆ ನೋಡಿದೆ.

ಇದು 2019ರ ಚೀನೀ ಸಿನಿಮಾ, ನಿರ್ದೇಶಕ ಡೆರೆಕ್ ತ್ಸಾಂಗ್. ಆ ವರ್ಷ ಬರ್ಲಿನ್ ಚಿತ್ರೋತ್ಸವದಿಂದ ಇದನ್ನು ವಾಪಸ್ ತೆಗೆದುಕೊಂಡರು, ಜೂನ್‌ನ ಬಿಡುಗಡೆಯೂ ತಪ್ಪಿತು. ಕೊನೆಗೆ ಅಕ್ಟೋಬರ್‌ನಲ್ಲಿ ಥಿಯೇಟರಿಗೆ ಬಂತು. 2021ರಲ್ಲಿ ಹಾಂಗ್‌ಕಾಂಗ್ ಪರವಾಗಿ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು.

ಚೆನ್ ನಿಯೆನ್ ಅನ್ನೋ ಹುಡುಗಿ ಗಾವ್‌ಕಾವ್‌ಗೆ ಓದುತ್ತಿದ್ದಾಳೆ. ಅಲ್ಲಿ ಕಾಲೇಜು ಸೇರಬೇಕಾದರೆ ಬರೆಯೋ ಪರೀಕ್ಷೆ ಅದು, ಪ್ರತಿ ಜೂನ್‌ನಲ್ಲಿ ನಡೆಯುತ್ತೆ. 2019ರಲ್ಲಿ ಹೆಸರು ಕೊಟ್ಟವರೇ 1 ಕೋಟಿ ದಾಟಿದ್ದರು. ಅಮ್ಮ ಸಾಲಗಾರರಿಗೆ ಹೆದರಿ ಊರು ಬಿಟ್ಟಿದ್ದಾಳೆ. ಹುಡುಗಿಗೆ ಇರೋದು ಆ ಪರೀಕ್ಷೆ ಒಂದೇ.

ಶುರುವಿನಲ್ಲೇ ಅವಳ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಮೇಲಿನಿಂದ ಹಾರಿ ಪ್ರಾಣ ಬಿಡುತ್ತಾಳೆ. ಎಲ್ಲರೂ ಮೇಲೆ ನಿಂತು ಫೋನ್ ಹಿಡಿದು ಫೋಟೋ ತೆಗೆಯುತ್ತಾರೆ. ಚೆನ್ ನಿಯೆನ್ ಒಬ್ಬಳೇ ಕೆಳಗಿಳಿದು, ತನ್ನ ಜಾಕೆಟ್ ಬಿಚ್ಚಿ ಅವಳ ಮೇಲೆ ಹೊದಿಸುತ್ತಾಳೆ. ಸತ್ತವಳನ್ನು ಶಾಲೆಯಲ್ಲಿ ಕಾಡುತ್ತಿದ್ದ ಹುಡುಗಿಯರ ಕಣ್ಣು ಮುಂದೆ ಇವಳ ಮೇಲೆ ಬೀಳುತ್ತೆ.

ನನಗೆ ಜಾಸ್ತಿ ಕಾಡಿದ್ದು ಹೊಡೆತ ಬಡಿತ ಅಲ್ಲ. ಸಾವಾದರೂ ಪಾಠ ನಿಲ್ಲೋದಿಲ್ಲ, ಅದು. ಡೆಸ್ಕಿನ ಮೇಲೆ ಪುಸ್ತಕಗಳ ಗೋಡೆ, ಅದರ ಹಿಂದೆ ಮಕ್ಕಳ ಮುಖವೇ ಕಾಣೋದಿಲ್ಲ. ಯಾರಿಗೂ ತಲೆ ಎತ್ತಿ ನೋಡೋಕೆ ಪುರುಸೊತ್ತಿಲ್ಲ. ಪರೀಕ್ಷೆ ಮುಗಿದುಬಿಡಲಿ, ಅಷ್ಟೇ. ಚೆನ್ ನಿಯೆನ್ ಕೂಡ ಮೊದಲು ಬಾಯಿ ಬಿಡೋದಿಲ್ಲ. ಅವಳಿಗೆ ಜೊತೆಯಾಗೋದು ಶಾಲೆ ಬಿಟ್ಟ, ಬೀದಿಯಲ್ಲಿ ಬೆಳೆದ ಶಿಯಾವೊ ಬೇ. ಅವಳು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ, ಪರಿಚಯವೇ ಇಲ್ಲದವರ ಹಾಗೆ ನಡೆಯೋದನ್ನು ನೋಡಿ ನನಗೆ ಗಂಟಲು ಕಟ್ಟಿತು. ಜೌ ದೊಂಗ್‌ಯು, ಜಾಕ್ಸನ್ ಯೀ ಇಬ್ಬರೂ ಜೀವ ಕೊಟ್ಟು ನಟಿಸಿದ್ದಾರೆ. ಮುಂದಿನ ಕಥೆ ಹೇಳೋದಿಲ್ಲ.

ಕೊನೆಯಲ್ಲಿ, ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಹೀಗೆ ಕಾಡೋದನ್ನು ತಡೆಯೋಕೆ ಸರ್ಕಾರ ಏನೇನು ಕ್ರಮ ತಗೊಂಡಿತು ಅಂತ ಬರಹ ಬರುತ್ತೆ. ಅದು ಅಂಟಿಸಿದ ಹಾಗಿದೆ, ನನಗೆ ಹಿಡಿಸಲಿಲ್ಲ. ಆದರೂ ಒಂದು ಮಾತು ಹೇಳಬೇಕು: 2021ರ ಜೂನ್‌ನಿಂದ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ, ಇಂಥ ಕಾಟ ಕಂಡರೆ ಶಾಲೆಯವರು ತಕ್ಷಣ ತಡೆದು ಎರಡೂ ಕಡೆಯ ತಂದೆತಾಯಿಗೆ ತಿಳಿಸಲೇಬೇಕು.

ಒಂದು ದೃಶ್ಯಕ್ಕೆ ಮಾತ್ರ ಮೊದಲೇ ಗಟ್ಟಿಯಾಗಿರಿ. ಹುಡುಗಿಯರ ಗುಂಪು ಅವಳನ್ನು ಹಿಡಿದು ಕೂದಲು ಕತ್ತರಿಸಿ, ಅದನ್ನೇ ವಿಡಿಯೋ ಮಾಡುತ್ತೆ. ಅಲ್ಲಿ ನನ್ನ ಮಗ ರಿಮೋಟ್ ತಗೊಂಡು ಸಿನಿಮಾ ನಿಲ್ಲಿಸಿದ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ತನ್ನ ಕ್ಲಾಸಿನ ಹುಡುಗನೊಬ್ಬನ ಇಂಥದ್ದೇ ವಿಡಿಯೋ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿದ್ದನ್ನು ಹೇಳಿದ. ‘ಜನವರಿಯಲ್ಲೇ ನಿಂಗೆ ಹೇಳೋಕೆ ಬಂದಿದ್ದೆ ಅಮ್ಮ. ನೀನೇ ಪರೀಕ್ಷೆ ಮುಗೀಲಿ, ಆಮೇಲೆ ಹೇಳು ಅಂದೆ.’

ಹಾಗಾಗಿ ಮಾರನೇ ದಿನ ಟೆಸ್ಟ್ ಇಲ್ಲದ ಶನಿವಾರ ನೋಡಿ. ಸಿನಿಮಾ ಎರಡೂಕಾಲು ಗಂಟೆ ಇದೆ. ನಾವು ಮುಗಿಸುವಾಗ ರಾತ್ರಿ ಒಂದು ಗಂಟೆಯಾಗಿತ್ತು.