ಟಾಲ್ ಶಿಪ್ ಹಬ್ಬ ಅಂದರೆ ಏನು? ಆಮ್‌ಸ್ಟರ್‌ಡ್ಯಾಮಿನ ‘ಸೇಲ್’ (ಹಾಯಿ) ಹಬ್ಬ ನೋಡಲು ಅಷ್ಟು ದೂರ ಹೋಗಬಹುದಾ?

ಖಂಡಿತ ಹೋಗಿ. ಟಾಲ್ ಶಿಪ್ ಅಂದರೆ ಎತ್ತರದ ಕಂಬಗಳಿಗೆ ಹಾಯಿ ಕಟ್ಟಿದ ದೊಡ್ಡ ಹಡಗು. ಇವು ಸುಮ್ನೆ ಪ್ರದರ್ಶನಕ್ಕೆ ಇಟ್ಟವಲ್ಲ, ಎಷ್ಟೋ ದೇಶಗಳ ನೌಕಾಪಡೆಯ ಹುಡುಗ ಹುಡುಗಿಯರು ಇವತ್ತಿಗೂ ಇವುಗಳ ಮೇಲೆಯೇ ಹಗ್ಗ ಎಳೆದು, ಕಂಬ ಹತ್ತಿ, ಗಾಳಿ ನೋಡಿ ಸಮುದ್ರ ಕಲಿಯುತ್ತಾರೆ. ನಮ್ಮ ಐಎನ್‌ಎಸ್ ತರಂಗಿಣಿಯೂ ಇಂಥದ್ದೇ. ಗೋವಾದಲ್ಲಿ ಕಟ್ಟಿದ್ದು, 2003-04ರಲ್ಲಿ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂತು.

ಇಂಥ ಹಡಗುಗಳೆಲ್ಲ ಒಂದು ಬಂದರಿಗೆ ಬಂದು ಸೇರುವುದೇ ಟಾಲ್ ಶಿಪ್ ಹಬ್ಬ. ಆಮ್‌ಸ್ಟರ್‌ಡ್ಯಾಮಿನ ಹಬ್ಬ ಶುರುವಾಗಿದ್ದು 1975ರಲ್ಲಿ, ನಗರಕ್ಕೆ 700 ವರ್ಷ ತುಂಬಿದಾಗ. ಐದು ವರ್ಷಕ್ಕೊಮ್ಮೆ ನಡೆಯುತ್ತದೆ. 2020ರದ್ದು ಕೋವಿಡ್‌ನಿಂದ ರದ್ದಾಯಿತು, ಹಾಗಾಗಿ 2025ರ ಆಗಸ್ಟ್‌ಗೆ ಜನ ಹತ್ತು ವರ್ಷ ಕಾದಿದ್ದರು.

ಹೋದರೆ ಮೊದಲ ದಿನ ತಪ್ಪಿಸಬೇಡಿ. ಅವತ್ತು ಹಡಗುಗಳೆಲ್ಲ ಕಡಲಂಚಿನ ಐಮೌಡನ್‌ನಿಂದ ಹೊರಟು, ಉತ್ತರ ಸಮುದ್ರ ಕಾಲುವೆಯಲ್ಲಿ ಸಾಲಾಗಿ ಬಂದು, ಸುತ್ತ ಲೆಕ್ಕವಿಲ್ಲದಷ್ಟು ಸಣ್ಣ ದೋಣಿಗಳನ್ನು ಕಟ್ಟಿಕೊಂಡು ನಗರದ ನಡುವಿನ ಬಂದರು ಸೇರುತ್ತವೆ. ಈ ಕಾಲುವೆ 1876ರದ್ದು. ಅದಕ್ಕೂ ಹಿಂದಿನ ಕಾಲದಲ್ಲಿ ಹಡಗುಗಳು ಇನ್ನೊಂದು ಕಡೆಯಿಂದ ಬರಬೇಕಿತ್ತು, ಅಲ್ಲಿ ಪಂಪುಸ್ ಎಂಬ ಕಡೆ ನೀರಿನ ಆಳ ಕಡಿಮೆ. ಸರಕು ತುಂಬಿದ ದೊಡ್ಡ ಹಡಗು ಊರಿನ ಹತ್ತಿರವೇ ಬಂದು ಉಬ್ಬರಕ್ಕಾಗಿ ಕಾಯುತ್ತಾ ನಿಲ್ಲುತ್ತಿತ್ತು, ಕೆಲವನ್ನು ಎರಡೂ ಬದಿಗೆ ತೇಲುವ ಪೆಟ್ಟಿಗೆ ಕಟ್ಟಿ ಮೇಲೆತ್ತಿ ದಾಟಿಸುತ್ತಿದ್ದರು! ಇದು ಗೊತ್ತಿದ್ದು ನೋಡಿದರೆ ಆ ಮೆರವಣಿಗೆಯ ಖುಷಿಯೇ ಬೇರೆ.

ದಡದಲ್ಲಿ ನಿಂತು ನೋಡಲು ದುಡ್ಡು ಬೇಕಿಲ್ಲ. ಜನ ಮಾತ್ರ ತುಂಬಾ ಜಾಸ್ತಿ, ಬೆಳಗ್ಗೆ ಬೇಗ ಹೋಗಿ ಜಾಗ ಹಿಡಿಯಿರಿ.