ನೂಕಿದ್ರ ಗೇಟು ತೆರಿಯಂಗಿಲ್ಲ ತಂಗಿ

ಪ್ರಶ್ನೆ: ಅಕ್ಕಾರ, ನಮ್ದು ಶಹಾಪುರ ತಾಲೂಕು. ಅಪ್ಪಂದು ಮೂರೆಕರೆ, ಕಾಲುವಿ ಕೊನೀಗಿ ಬರೋ ಹೊಲ. ನಾ ಕಲಬುರಗ್ಯಾಗ ರೂಮ್ ಮಾಡ್ಕೊಂಡು ಎರಡು ವರ್ಷದಿಂದ ಕಾಂಪಿಟೇಟಿವ್ ಎಕ್ಸಾಮಿಗೆ ಓದ್ಲಾಕತ್ತೀನಿ. ಒಮ್ಮೆ ನಾಲ್ಕು ಮಾರ್ಕ್ಸಿಗೆ ಹೋಯ್ತು, ಇನ್ನೊಮ್ಮೆ ಎಕ್ಸಾಮೇ ಮುಂದಕ್ಕ ಹೋಯ್ತು, ಈಗ ಅಪ್ಪ ಸಾಕು ಬಾ, ಮದುವಿ ಮಾಡ್ತೀನಿ ಅಂತಾರ. ಅಡ್ಡಿ ಬಂದ್ರ ಅದನ್ನೇ ಒಪ್ಕೊಂಡು ಮುಂದ ಹೋಗು ಅಂತ ಎಲ್ಲಾರೂ ಹೇಳ್ತಾರ, ಹೆಂಗ್ ಅಂತ ಯಾರೂ ಹೇಳಂಗಿಲ್ಲ.
– ಹೆಸರು ಬ್ಯಾಡ, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ನಿನ್ನ ಪತ್ರ ಎರಡು ಸಲ ಓದ್ದೆ. ನಾಲ್ಕು ಮಾರ್ಕ್ಸಿಗೆ ಹೋದ್ರ ಹೊಟ್ಟಿ ಎಷ್ಟು ಉರೀತದ ಅಂತ ನಂಗ ಗೊತ್ತದ, ಅದಕ್ಕ ಖುಷಿ ಪಡು ಅಂತ ನಾ ಹೇಳಂಗಿಲ್ಲ. ಹೆಂಗ್ ಅಂತ ಕೇಳಿದ್ಯಲ್ಲ, ಅದಕ್ಕ ನಾ ಕಂಡದ್ದೊಂದು ಹೇಳ್ತೀನಿ.

ಮಗಳು ಇಂಗ್ಲೆಂಡಿನಾಗ ಇರ್ತಾಳ, ಹೋದಾಗ ಒಂದು ವಾರ ಕೆನಾಲ್ ಬೋಟಿನಾಗ ಕರ್ಕೊಂಡು ಹೋದ್ಲು. ಕೆನಾಲ್ ಅಂದ್ರ ನಮ್ಮ ನಾರಾಯಣಪುರ ಎಡದಂಡೆ ಕಾಲುವಿ ಹಂಗ ಹೊಲಕ್ಕ ನೀರು ಹಾಯ್ಸೋದಲ್ಲ, ಕಲ್ಲಿದ್ದಲು, ಸಾಮಾನು ಸಾಗಿಸ್ಲಾಕ ಅಂತ ತೋಡಿದ್ದು. ನಾವು ಹೋದ ಕೆನಾಲಿನ ಹೆಸರು ಕೆನೆಟ್ ಅಂಡ್ ಏವನ್, 1810ರಾಗ ಮುಗಿದದ್ದು, ರೈಲು ಬಂದ ಮ್ಯಾಲ ಹಾಳು ಬಿದ್ದಿತ್ತು, ಜನ ಸೇರಿ ದುರಸ್ತಿ ಮಾಡಿ 1990ರಾಗ ಮತ್ತ ಚಾಲೂ ಆಯ್ತು. ಬೋಟು ಏಳು ಅಡಿ ಅಗಲನೂ ಇಲ್ಲ, ತಾಸಿಗೆ 4 ಮೈಲಿ ದಾಟಂಗಿಲ್ಲ, ದಂಡೀಗಿ ಕಟ್ಟಿದ ಬೋಟುಗಳ ಮಗ್ಗುಲ ಹೋಗೂಮುಂದ ಇನ್ನೂ ನಿಧಾನ, ನಾಯಿ ಹಿಡ್ಕೊಂಡು ನಡಿಯೋರು ನಮ್ಮನ್ನ ಹಿಂದ ಹಾಕಿ ಹೋಗ್ತಿದ್ರು.

ಡಿವೈಜಿಸ್ ಅನ್ನೋ ಊರ ಹತ್ರ ಕೇನ್ ಹಿಲ್ ಅಂತ ದಿಬ್ಬ, ಎರಡು ಮೈಲಿಯೊಳಗ 237 ಅಡಿ ಏರಬೇಕು, ಅದಕ್ಕ 29 ಲಾಕ್. ಲಾಕ್ ಅಂದ್ರ ಎರಡೂ ಕಡಿ ಗೇಟಿರೋ ದೊಡ್ಡ ತೊಟ್ಟಿ. ಬೋಟು ಒಳಗ ಹೋದ ಮ್ಯಾಲ ಹಿಂದಿನ ಗೇಟು ಹಾಕಿ, ಹ್ಯಾಂಡಲ್ ತಿರುವಿ ಮುಂದಿನ ತೂಬು ಎತ್ತಿದ್ರ ನೀರು ತುಂಬ್ತದ, ನೀರಿನ ಜೊತಿ ಬೋಟೂ ಏರ್ತದ. ಮೊದಲ ಲಾಕಿನಾಗ ನಾ ಅವಸರ ಮಾಡ್ದೆ, ತುಂಬೇ ಬಿಟ್ಟದ ಅಂತ ಗೇಟಿನ ತೊಲೀಗಿ ಬೆನ್ನು ಕೊಟ್ಟು ನೂಕಿದೆ, ಕಾಲು ಜಾರ್ತು, ಮೈ ಬೆವರ್ತು, ಗೇಟು ಮಿಸುಕಾಡ್ಲಿಲ್ಲ. ಬಾಜೂ ಬೋಟಿನ ಮುದುಕ ಬಂದು ಗೇಟಿನ ಆಚಿ ನೀರು ಈಚಿ ನೀರು ಬಟ್ಟು ಮಾಡಿ ತೋರಿಸ್ದ, ಇನ್ನೂ ನಾಲ್ಕು ಬೆರಳು ಫರಕ್ ಇತ್ತು. ಅಷ್ಟಕ್ಕೇ ಗೇಟಿನ ಮ್ಯಾಲ ಕ್ವಿಂಟಲ್‌ಗಟ್ಲೆ ಭಾರ ಬಿದ್ದಿರ್ತದ. ನಿಂತ್ವಿ. ಎರಡೂ ಸಮ ಆದ ಕೂಡ್ಲೆ ಸೊಂಟ ಆನಿಸಿದ್ರ ಸಾಕಾಯ್ತು, ಮೆಲ್ಲಕ ತೆರೀತು. ನಡದ್ರ ಮುಕ್ಕಾಲು ತಾಸಿನ ಹಾದಿ, ನಮಗ ಆರು ತಾಸು ಹಿಡೀತು, ಆದ್ರ ಆ ಲಾಕ್ ಇಲ್ಲಂದ್ರ ಬೋಟು ದಿಬ್ಬ ಏರೋದೇ ಇಲ್ಲ ತಂಗಿ.

ನಿನ್ನ ನಾಲ್ಕು ಮಾರ್ಕ್ಸು ನಂಗ ಆ ನಾಲ್ಕು ಬೆರಳಿನಂಗ ಕಾಣ್ತದ. ಸುಮ್ಮ ಕುಂತ್ರ ತುಂಬಂಗಿಲ್ಲ, ತೂಬು ನೀನೇ ಎತ್ತಬೇಕು. ಹಳೇ ಪೇಪರ್ ಮತ್ತ ಕೀ ಆನ್ಸರ್ ಮುಂದಿಟ್ಕೊಂಡು ಆ ನಾಲ್ಕು ಯಾವ ಸಬ್ಜೆಕ್ಟಿನಾಗ ಹೋದ್ವು ಅಂತ ಬರದಿಟ್ಕೋ, ಮೊದಲ ಅದನ್ನ ಓದು. ಎಕ್ಸಾಮ್ ಮುಂದಕ್ಕ ಹಾಕಿದ್ದು ಬ್ಯಾರೆ, ಅದು ನಿನ್ನ ಮ್ಯಾಲ ಆದ ಅನ್ಯಾಯ, ಸಿಟ್ಟು ಬರ್ಲಿ, ಬರಬೇಕು, ಆದ್ರ ದಿನಾ ಮೊಬೈಲಿನಾಗ ನೋಟಿಫಿಕೇಶನ್ ನೋಡ್ತಾ ಆ ಗೇಟಿಗೆ ಬೆನ್ನು ಕೊಡಬ್ಯಾಡ. ಅಲ್ಲಿ ಒಂದೇ ಲಾಕಿನಾಗ ಎರಡು ಬೋಟು ಬಾಜೂ ಬಾಜೂ ಹಾಕಿ ಏರಿಸ್ತಿದ್ರು, ನೀರೂ ಉಳೀತದ, ಕೈಯೂ ಹೆಚ್ಚಿಗಿ ಸಿಗ್ತಾವ. ರೂಮಿನಾಗ ಓದೋ ಹುಡುಗಿ ಇನ್ನೊಬ್ಬಾಕಿ ಇದ್ರ ಕೂಡಿ ಓದ್ರಿ, ಸಂಜೀಗಿ ಎರಡು ಟ್ಯೂಶನ್ ಹಿಡದು ಬಾಡಿಗಿ ನೀವೇ ಕಟ್ರಿ.

ಅಪ್ಪನ ಮಾತಿಗೆ ಹೆದರಬ್ಯಾಡ. ಕಾಲುವಿ ಕೊನೀಗಿ ಹೊಲ ಇದ್ದೋರು ಬ್ಯಾಟ್ರಿ ಹಿಡ್ಕೊಂಡು ಎಷ್ಟು ರಾತ್ರಿ ನೀರಿಗಿ ಕಾದಿರ್ತಾರ, ಕಾಯೋದು ಅವರಿಗೆ ಕಲಿಸಬೇಕಾಗಿಲ್ಲ. ಯಾವತ್ತಿನ ತನಕ ಅಂತ ಮಾತ್ರ ಅವರಿಗೆ ಗೊತ್ತಾಗ್ಬೇಕು, ಅದನ್ನ ನೀ ಹೇಳೀ ಅಂತ ಪತ್ರದಾಗ ಎಲ್ಲೂ ಇಲ್ಲ. ಈ ಐತ್ವಾರ ಊರಿಗಿ ಹೋಗು, ಮಾರ್ಕ್ಸ್ ಕಾರ್ಡು ತಗೊಂಡು ಹೋಗು.