ಹಾಳಾದ ಕಾರ್ಟಿಲೇಜನ್ನು ನಮ್ಮದೇ ಜೀವಕೋಶಗಳಿಂದ ಸರಿಪಡಿಸಬಹುದೇ?

ಸರಿಪಡಿಸಬಹುದು, ಆದರೆ ಎಲ್ಲರಿಗೂ ಆಗುವುದಿಲ್ಲ. ಕಾರ್ಟಿಲೇಜ್ ಅಂದರೆ ಕೀಲಿನಲ್ಲಿ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಪದರ. ಕೀಲಿನ ಕಾರ್ಟಿಲೇಜ್‌ನಲ್ಲಿ ರಕ್ತನಾಳಗಳೇ ಇಲ್ಲ. ಹಾಗಾಗಿ ಪೆಟ್ಟು ಬಿದ್ದರೆ ಚರ್ಮದ ಗಾಯದ ಹಾಗೆ ತಾನಾಗಿ ಮಾಯುವುದಿಲ್ಲ.

ಸಾಮಾನ್ಯವಾಗಿ ಎರಡು ಆಪರೇಷನ್ ಬೇಕು. ಮೊದಲು ಕೀಲಿನಲ್ಲಿ ಭಾರ ಜಾಸ್ತಿ ಬೀಳದ ಜಾಗದಿಂದ ಚೂರು ಕಾರ್ಟಿಲೇಜ್ ತೆಗೆಯುತ್ತಾರೆ. ಅದರ ಕೋಶಗಳನ್ನು ಲ್ಯಾಬಿನಲ್ಲಿ ಕೆಲವು ವಾರ ಬೆಳೆಸುತ್ತಾರೆ. ಲಕ್ಷಗಟ್ಟಲೆ ಆದ ಮೇಲೆ ಗಾಯದ ಗುಂಡಿಗೆ ತುಂಬುತ್ತಾರೆ. ಅವು ಜಾರಿ ಹೋಗಬಾರದಲ್ವಾ, ಅದಕ್ಕೆ ಕೊಲಾಜೆನ್ ಎಂಬ ಪ್ರೋಟೀನಿನ ತೆಳುವಾದ ಪೊರೆಯ ಆಸರೆ ಕೊಡುತ್ತಾರೆ. ಸ್ವೀಡನ್ನಿನ ವೈದ್ಯರು ಹೀಗೆ ಕೋಶ ಬೆಳೆಸಿ ತುಂಬುವ ಚಿಕಿತ್ಸೆಯ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು.

ಗಾಯ ಒಂದೇ ಕಡೆ ಇರುವ, ವಯಸ್ಸು ಚಿಕ್ಕದಿರುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಸಂಧಿವಾತದಿಂದ ಇಡೀ ಕೀಲು ಸವೆದಿದ್ದರೆ ಸಾಮಾನ್ಯವಾಗಿ ಮಾಡುವುದಿಲ್ಲ. ಹೊಸ ಪದರ ಗಟ್ಟಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆಟಕ್ಕೆ ಮರಳಲು ವರ್ಷವೇ ಆಗಬಹುದು. ಅಲ್ಲಿಯವರೆಗೆ ಫಿಸಿಯೋಥೆರಪಿಯನ್ನು ದಯವಿಟ್ಟು ಬಿಡಬೇಡಿ.